ಡ್ರಮ್ಮಿನ ಅಂಚಿನ ತಗ್ಗು

ಹಾವೇರಿಯ ಒಂದು ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕುಳಿತಿದ್ದೆ. ಎಲೆಗೆ ಉಪ್ಪು, ಚಟ್ನಿ, ಕೋಸಂಬರಿ ಬಂದಿದ್ದವು. ಹೋಳಿಗೆ ಇನ್ನೂ ಎರಡು ಸಾಲು ಆಚೆ ಇತ್ತು. ಹೊರಗೆ ಬ್ಯಾಂಡಿನವರು ಬಾರಿಸುತ್ತಿದ್ದರು. ಆ ಗದ್ದಲದೊಳಗಿನಿಂದ ಒಂದು ಪೆಟ್ಟು ಬೇರೆಯಾಗಿ ಕೇಳಿಸಿತು. ತೊಗಲಿಗೆ ತಾಗುವ ಮುನ್ನ ಕಡ್ಡಿ ಕೂದಲೆಳೆಯಷ್ಟು ತಡೆದು, ಆಮೇಲೆ ಬೀಳುವ ಪೆಟ್ಟು. ಅಪ್ಪ ಹಾಗೆ ಬಾರಿಸುತ್ತಿದ್ದ. ಅಪ್ಪ ತೀರಿ ಹೋಗಿ ಹದಿನೆಂಟು ವರ್ಷವಾಗಿತ್ತು.

ಎಲೆ ಬಿಟ್ಟು ಎದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಸೆರಗು ಹಿಡಿದು ಜಗ್ಗಿದ್ದು ನೆನಪಿದೆ. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಗೇಟಿನ ಬಳಿ ಕೆಂಪು ಕೋಟಿನ ಆರೇಳು ಜನ ಹುಡುಗರ ನಡುವೆ, ಅದೇ ಕೆಂಪು ಕೋಟಿನಲ್ಲಿ, ಬಿಳಿ ಮೀಸೆಯ ಒಬ್ಬರು ನಿಂತಿದ್ದರು. ಕೋಟು ಭುಜದ ಮೇಲೆ ಅಗಲವಾಗಿತ್ತು. ಅವರ ಸೊಂಟದ ಪಕ್ಕಕ್ಕೆ ತೂಗುತ್ತಿದ್ದದ್ದು ಹೊಸ ಸ್ಟೀಲಿನ ಡ್ರಮ್. ಕೈ ಮಾತ್ರ ನಮ್ಮಪ್ಪನದು.

ಅವರನ್ನು ನಮ್ಮ ಮನೆಯಲ್ಲಿ ಊರಿನಿಂದಲೇ ಕರೆಯುತ್ತಿದ್ದೆವು: ಹಲಗೇರಿಯವರು. ಅಪ್ಪನ ಹತ್ತಿರ ಬಾರಿಸುವುದನ್ನು ಕಲಿತವರು ಅವರೊಬ್ಬರೇ. ಅವರು ನನ್ನನ್ನು ‘ತಂಗೆವ್ವ’ ಎನ್ನುತ್ತಾರೆ. ನಾನು ಅವರನ್ನು ಒಮ್ಮೆಯೂ ಅಣ್ಣ ಎಂದಿಲ್ಲ. ಅಣ್ಣ ಎಂದರೆ ನಮ್ಮಪ್ಪ ಅವರಿಗೂ ಅಪ್ಪನಾಗಿಬಿಡುತ್ತಾನೆ ಎಂಬ ಲೆಕ್ಕ ಹದಿನಾಲ್ಕನೇ ವಯಸ್ಸಿನಲ್ಲಿ ನನ್ನ ತಲೆಯಲ್ಲಿ ಕೂತಿತ್ತು. ಅರವತ್ತಕ್ಕೆ ಬಂದರೂ ಅದು ಎದ್ದು ಹೋಗಿಲ್ಲ.

ಹಾಡು ಮುಗಿದಾಗ ಅವರು ನನ್ನನ್ನು ನೋಡಿದರು.

“ತಂಗೆವ್ವ, ಊಟ ಆತೇನು?”

“ಆತ್ರಿ. ಯಾರ ಡ್ರಮ್ಮಿದು?”

“ಈ ಹುಡುಗರದು. ಇವತ್ತ ಇವರಾಗ ಒಬ್ಬಾಂವ ಕೈ ಕೊಟ್ಟಾನ. ಬ್ಯಾಡಗಿತನಾ ಬಂದು ಈ ಮುದುಕನ್ನ ಎಳಕೊಂಡು ಬಂದಾರ.” ಸ್ಟೀಲಿನ ಮೇಲೆ ಉಗುರಿನಿಂದ ತಟ್ಟಿ ತೋರಿಸಿದರು. “ತಾಟು ಬಡದಂಗ ಬಡೀತೈತಿ. ಮಾಸ್ತರ ಡ್ರಮ್ ಹೆಂಗೈತಿ?”

“ಛಲೋ ಐತಿ” ಎಂದೆ.

ಅದನ್ನು ನಾನು ಹದಿನೆಂಟು ವರ್ಷದಿಂದ ಕಣ್ಣಿನಿಂದ ನೋಡಿರಲಿಲ್ಲ.

ನಮ್ಮ ಮನೆ ರಾಣೆಬೆನ್ನೂರಿನಲ್ಲಿತ್ತು. ಅಪ್ಪ ದರ್ಜಿ. ಮದುವೆಯ ದಿನಗಳಲ್ಲಿ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದ. ಕೊರಳಿಗೆ ಪಟ್ಟಿ ಹಾಕಿ, ಪಕ್ಕಕ್ಕೆ ಓರೆಯಾಗಿ ತೂಗಿಸಿಕೊಂಡು ಎರಡು ಕಡ್ಡಿಯಿಂದ ಬಾರಿಸುವ ಡ್ರಮ್ ಅದು. ಹಿತ್ತಾಳೆಯದು. ಮೇಲೊಂದು ತೊಗಲು, ಕೆಳಗೊಂದು ತೆಳು ತೊಗಲು, ಆ ಕೆಳ ತೊಗಲಿಗೆ ಅಡ್ಡಲಾಗಿ ಸಣ್ಣ ತಂತಿಗಳ ಸಾಲು. ಮೇಲೆ ಪೆಟ್ಟು ಬಿದ್ದಾಗ ಕೆಳಗೆ ತಂತಿ ‘ಝರ್’ ಎನ್ನಬೇಕು. ಆ ಝರ್ ಇಲ್ಲದಿದ್ದರೆ ಅದು ಡಬ್ಬಿ. ಬಾರಿಸದ ದಿನ ಡ್ರಮ್ ಹೊಲಿಗೆ ಮಷಿನ್ನಿನ ಪಕ್ಕದ ಗೋಡೆಗೆ ತೂಗುತ್ತಿತ್ತು. ಅಪ್ಪ ಮಷಿನ್ ತುಳಿದರೆ ಗೋಡೆಯ ಮೇಲೆ ಅದೂ ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು. ಅವ್ವ ಹಿಟ್ಟು ನಾದುವಾಗ ಬಳೆ ಸದ್ದು ಮಾಡಿದರೂ ಗುಂಯ್‌ಗುಟ್ಟುತ್ತಿತ್ತು ಎಂದು ನನಗೆ ನೆನಪು. ಅದು ನಿಜವೋ ನಾನು ಆಮೇಲೆ ಸೇರಿಸಿಕೊಂಡದ್ದೋ ಹೇಳಲಾರೆ.

ಹಲಗೇರಿಯವರಿಗೆ ಆಗ ಇಪ್ಪತ್ತು ವರ್ಷ. ಪೇಟೆಯಲ್ಲಿ ಚೀಲ ಹೊರುತ್ತಿದ್ದರು. ಸಂಜೆ ಊರಿಗೆ ಮರಳುವ ಮುನ್ನ ಸೈಕಲ್ ನಮ್ಮ ಬಾಗಿಲಿಗೆ ಒರಗಿಸಿ ಒಳಗೆ ಬರುತ್ತಿದ್ದರು. ಅಪ್ಪ ಕತ್ತರಿಸಿ ಉಳಿದ ಚಿಂದಿಗಳನ್ನು ತುಂಬಿ ಒಂದು ಗಟ್ಟಿ ದಿಂಬು ಹೊಲಿದಿದ್ದ. ಅವರು ಬಾರಿಸಬೇಕಾದದ್ದು ಅದರ ಮೇಲೆ.

“ಈ ಕೈಗೆ ಎರಡು, ಆ ಕೈಗೆ ಎರಡು” ಎನ್ನುತ್ತಿದ್ದ ಅಪ್ಪ. “ಅವಸರ ಬ್ಯಾಡ. ದಿಂಬು ಎದ್ದು ಓಡಿ ಹೋಗೂದಿಲ್ಲ.”

ನಾನು ಕಿಟಕಿಯ ಕೆಳಗೆ ಕೂತು ಅಂಗಿಗಳಿಗೆ ಕಾಜಾ ಹಾಕುತ್ತಿದ್ದೆ. ಗುಂಡಿ ತೂರುವ ತೂತಿನ ಸುತ್ತ ದಾರ ಸುತ್ತುವ ಕೆಲಸ. ಕೈ ಕಾಜಾದ ಮೇಲಿದ್ದರೂ ಕಿವಿ ದಿಂಬಿನ ಮೇಲಿತ್ತು. ಎರಡು ಪೆಟ್ಟು, ಎರಡು ಪೆಟ್ಟು, ಹಾಗೆಯೇ ವೇಗ ಹೆಚ್ಚುತ್ತ ಕೊನೆಗೆ ಪೆಟ್ಟುಗಳ ನಡುವೆ ಸಂದಿಯೇ ಇಲ್ಲದಂತಾಗುವುದು. ಒಂದು ಸಂಜೆ ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಲೋಹದ ಅಂಗುಸ್ತಾನದಿಂದ ಮಣೆಯ ಮೇಲೆ ನಾನೂ ಅದನ್ನೇ ಬಾರಿಸಿದೆ. ಒಂದೇ ಕೈಯಲ್ಲಿ, ಆದರೆ ತಪ್ಪಿಲ್ಲದೆ. ಅಪ್ಪ ಮಷಿನ್ ನಿಲ್ಲಿಸಿ ತಿರುಗಿ ನೋಡಿದ.

“ಭಾಳ ಛಂದ ಬಾರಸ್ತಿ. ಕಾಜಾ ಎಷ್ಟ ಆದುವು?”

ಹಲಗೇರಿಯವರು ನಕ್ಕರು. ನನ್ನನ್ನು ನೋಡಿ ನಕ್ಕರೋ ಅಪ್ಪನ ಮಾತಿಗೆ ನಕ್ಕರೋ ನನಗೆ ಈಗಲೂ ಖಾತ್ರಿಯಿಲ್ಲ. ಅಪ್ಪ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೂ ಕಲಿಸಬಹುದು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಅದಾದ ಕೆಲವು ತಿಂಗಳಿಗೆ ಅವರ ಕೈಗೆ ನಿಜವಾದ ಡ್ರಮ್ ಬಂತು. ಆ ದಿನ ಅಪ್ಪ ಒಲೆಯ ಕಡೆ ತಿರುಗಿ ಅವ್ವನಿಗೆ “ಕೇಳಿಲ್ಲಿ, ನಂದ ಕೈ” ಎಂದ. ನಾನು ಅಲ್ಲೇ ಇದ್ದೆ. ನನ್ನ ಸೂಜಿಯಲ್ಲಿ ನೀಲಿ ದಾರವಿತ್ತು.

ಅಪ್ಪ ತೀರಿದ ಮೂರನೆಯ ದಿನ ಅವರು ಬ್ಯಾಡಗಿಯಿಂದ ಬಂದರು. ಅಷ್ಟು ಹೊತ್ತಿಗೆ ಮದುವೆಯಾಗಿ ಅಲ್ಲೇ ನೆಲೆಸಿ, ಮೆಣಸಿನಕಾಯಿ ಪೇಟೆಯ ಹತ್ತಿರ ತಕ್ಕಡಿ, ತೂಕದ ಯಂತ್ರ ದುರಸ್ತಿ ಮಾಡುತ್ತಿದ್ದರು. ಗೋಡೆಯ ಮೇಲಿನ ಡ್ರಮ್ಮನ್ನು ಬಹಳ ಹೊತ್ತು ನೋಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು, “ತಂಗೆವ್ವ, ಅದನ್ನ ನನ್ನ ಕಡೆ ಇಟ್ಟಿರಲೇನು? ಬಾರಿಸಿದರ ಉಳೀತೈತಿ” ಎಂದರು.

“ಅದು ನಮ್ಮಪ್ಪಂದು. ನಮ್ಮ ಮನ್ಯಾಗ ಇರ್ತೈತಿ” ಎಂದೆ.

ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಹಾವೇರಿಯ ನನ್ನ ಮನೆಗೆ ತಂದು ಅಟ್ಟಕ್ಕೆ ಹಾಕಿದೆ. ಗೋಡೆಗೆ ತೂಗುಹಾಕಲು ಮನಸ್ಸಾಗಲಿಲ್ಲ. ತೂಗಿದರೆ ಬಂದವರು ಯಾರು ಬಾರಿಸುತ್ತಾರೆ ಎಂದು ಕೇಳುತ್ತಿದ್ದರು.

ಮದುವೆಯಿಂದ ಬಂದ ಸಂಜೆಯೇ ಏಣಿ ಹಾಕಿಸಿ ಇಳಿಸಿದೆ. ಮೇಲಿನ ತೊಗಲು ನಡುವೆ ಸೀಳಿತ್ತು. ಒಂದು ಕಡೆ ಇಲಿ ತಿಂದಿತ್ತು. ತಂತಿಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ್ದವು. ಹಿತ್ತಾಳೆ ಹಸಿರುಗಟ್ಟಿತ್ತು. ತೊಗಲನ್ನು ಒತ್ತಿ ಹಿಡಿಯುವ ಕಟ್ಟಿಗೆಯ ಬಳೆ ಮಳೆನೀರು ಕುಡಿದು ಉಬ್ಬಿತ್ತು. ಎಷ್ಟು ವರ್ಷದಿಂದ ಅಟ್ಟದ ಆ ಮೂಲೆ ಸೋರುತ್ತಿತ್ತೋ. ಅವರಿಗೆ ಕೊಡಬಾರದೆಂದು ಇಟ್ಟುಕೊಂಡದ್ದನ್ನು ನಾನೇ ಕೊಳೆಸಿದ್ದೆ.

ಅವರ ಕೈ ಸೋಕದಂತೆ ಇದನ್ನು ಸರಿಮಾಡಿಸುತ್ತೇನೆ ಎಂದು ಅಲ್ಲೇ ನಿಶ್ಚಯಿಸಿದೆ. ಅಪ್ಪನ ಸದ್ದು ನನ್ನ ಮನೆಯಲ್ಲಿ, ನನ್ನ ಡ್ರಮ್ಮಿನಿಂದ ಬರಬೇಕು. ಬಾರಿಸುವವರು ಯಾರು ಎಂಬುದನ್ನು ನಾನು ಯೋಚಿಸಲಿಲ್ಲ. ಹೊಟ್ಟೆಕಿಚ್ಚಿಗೆ ಅಷ್ಟು ಮುಂದಿನದು ಕಾಣುವುದಿಲ್ಲ.

ತೊಗಲು, ಬಳೆ ಎಲ್ಲ ಬಿಚ್ಚಿಸಿ, ಬರೀ ಹಿತ್ತಾಳೆಯನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ಕೊಡ ಉಜ್ಜಿದ ಹಾಗೆಯೇ, ಮೂರು ಸಲ. ಅಪ್ಪನ ಕಾಲಕ್ಕೂ ಅದು ಅಷ್ಟು ಹೊಳೆದಿರಲಿಲ್ಲ. ಹೊಳಪು ಬಂದ ಮೇಲೆ ತಗ್ಗುಗಳು ಎದ್ದು ಕಂಡವು. ಹೊಟ್ಟೆಯ ಮೇಲೆ ನಾಲ್ಕೈದು; ಕೆಳ ಅಂಚಿನಲ್ಲಿ ಎದುರುಬದುರು ಎರಡು. ಹಾವೇರಿಯಲ್ಲಿ ಕೊಡ, ಹಂಡೆ ತಿದ್ದುವ ಒಬ್ಬರ ಬಳಿ ಒಯ್ದೆ. ಅವರು ಅಂಚಿನ ಆ ಎರಡು ತಗ್ಗಿನ ಮೇಲೆ ಬೆರಳಾಡಿಸಿ ಕೇಳಿದರು.

“ಇವನ್ನೂ ತೆಗೀಬೇಕೇನ್ರಿ? ಬೇಕಂತ ಮಾಡಿದಂಗ ಅದಾವಲ್ಲ?”

“ಒಂದೂ ಇರಬಾರದು” ಎಂದೆ.

ಆ ಮಾತು ನನ್ನದು, ಅವರದಲ್ಲ. ಅವರು ಕೇಳಿದ್ದರು. ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ, ಸುತ್ತಲೂ ಉಜ್ಜಿ ಅಂಚನ್ನು ಹೊಸ ತಟ್ಟೆಯ ಅಂಚಿನ ಹಾಗೆ ಸಮ ಮಾಡಿ ಕೊಟ್ಟರು. ನನಗೆ ಬಹಳ ಸಂತೋಷವಾಯಿತು.

ಆಮೇಲೆ ಬ್ಯಾಂಡಿನ ಒಬ್ಬರ ಕೈಯಿಂದ ಹೊಸ ಬಳೆ, ಹೊಸ ತಂತಿ, ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ ಹಾಕಿಸಿದೆ. ಅವರು ಬಿಗಿದು ಬಾರಿಸಿದಾಗ ಖಾಲಿ ಎಣ್ಣೆ ಡಬ್ಬಿಗೆ ಕೋಲು ಬಡಿದಂತಾಯಿತು. ಕೆಳಗೆ ತಂತಿ ಝರ್ ಎನ್ನದೆ ಕಟಕಟ ಎಂದಿತು. ಸಡಿಲಿಸಿದರು, ಮತ್ತೆ ಬಿಗಿದರು. ಕೊನೆಗೆ ಕಡ್ಡಿ ಕೆಳಗಿಟ್ಟರು.

“ಇದು ನಮಗ ಬಗೆಹರಿಯೂದಲ್ರಿ. ಬ್ಯಾಡಗ್ಯಾಗ ತಕ್ಕಡಿ ರಿಪೇರಿ ಮಾಡೋ ಅಜ್ಜಾರ ಅದಾರ. ಹಳೇ ಡ್ರಮ್ ಅಂದ್ರ ಅವರ.”

ಆ ಊರಿನ ಹೆಸರು ಕೇಳಿ ನಾನು ಅವರ ಮುಖ ನೋಡಲಿಲ್ಲ. ಒಂದು ವಾರ ಡ್ರಮ್ ಮನೆಯಲ್ಲೇ ಇತ್ತು. ಹೊಳೆಯುತ್ತಿತ್ತು. ಲಾರಿ ಹೋದರೂ ಗುಂಯ್ ಎನ್ನಲಿಲ್ಲ.

ಬ್ಯಾಡಗಿಯ ಬಸ್ಸಿಳಿದರೆ ಪೇಟೆಯ ದಿನಗಳಲ್ಲಿ ಮೊದಲು ಕೆಮ್ಮು ಬರುತ್ತದೆ, ಆಮೇಲೆ ಊರು ಕಾಣುತ್ತದೆ. ಮೂಗಿಗೆ ಸೆರಗು ಹಿಡಿದು ಅವರ ಅಂಗಡಿಗೆ ಹೋದೆ. ತೂಕದ ಕಲ್ಲುಗಳ ನಡುವೆ ನೆಲದ ಮೇಲೆ ಕೂತಿದ್ದರು.

“ಬಾ ತಂಗೆವ್ವ, ಕುಂದರು.” ಡ್ರಮ್ ಕಂಡು ಕೈ ಒರೆಸಿಕೊಂಡರು. ಹೊಳಪಿನ ಮೇಲೆ ಒಮ್ಮೆ ಕಣ್ಣಾಡಿಸಿದರು. ಮಗುಚಿ, ಕೆಳಗಿನ ಬಳೆ ಬಿಚ್ಚಿ, ಕಣ್ಣು ಮುಚ್ಚಿಕೊಂಡು ಅಂಚಿನ ಸುತ್ತ ಒಂದು ಬೆರಳು ತಿರುಗಿಸಿದರು. ಒಂದು ಸುತ್ತು. ಇನ್ನೊಂದು ಸುತ್ತು. ಮೂರನೆಯ ಸುತ್ತಿನ ನಡುವೆ ನಿಲ್ಲಿಸಿದರು.

“ಇಲ್ಲಿ ತಗ್ಗು ಇರಬೇಕಲ್ಲ?”

“ತಗಸಿದೆ.”

“ಯಾಕವಾ?”

“ಛಂದ ಕಾಣಲಿ ಅಂತ.”

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಒಂದು ಹಗ್ಗದ ತುಂಡನ್ನು ಡ್ರಮ್ಮಿನ ಬಾಯಿಗೆ ಅಡ್ಡ ಹಿಡಿದು ನಿಧಾನವಾಗಿ ತಿಳಿಸಿದರು. ತಂತಿಗಳು ಹೀಗೆ ಈ ಅಂಚಿನಿಂದ ಆ ಅಂಚಿಗೆ ಹಾಯುತ್ತವೆ. ಅಂಚು ಸಮವಾಗಿದ್ದರೆ ತಂತಿಯ ತುದಿಗಳು ಎತ್ತಿಹಿಡಿದಂತಾಗಿ ತೊಗಲನ್ನು ಪೂರ್ತಿ ಮುಟ್ಟುವುದಿಲ್ಲ. ಅವು ಹಾಯುವ ಎರಡು ಕಡೆ ಅಂಚು ಸ್ವಲ್ಪ ಇಳಿದಿರಬೇಕು. ಆಗ ತಂತಿ ತೊಗಲಿನ ಮೇಲೆ ಮಲಗುತ್ತದೆ.

“ಮತ್ತ ಮಾಡಾಕ ಬರ್ತೈತಿ. ಎಷ್ಟು ಆಳ ಅನ್ನೂದು ಗೊತ್ತಾಗಬೇಕು. ಹೆಚ್ಚಾತಂದ್ರ ತೊಗಲು ಸುಕ್ಕು ಬೀಳತೈತಿ, ಕಮ್ಮಿಯಾತಂದ್ರ ಹಿಂಗ ಕಟಕಟ.”

“ನಿಮಗ ಗೊತ್ತಿರಬೇಕಲ್ಲ. ನೀವು ಕಲತಾವ್ರು.”

“ನಾ ಮ್ಯಾಲಿಂದಷ್ಟ ಕಲತಾಂವ” ಎಂದರು. “ಮಾಸ್ತರು ಡ್ರಮ್ ಮಗಚಿ ಕುಂತ್ರ ನನ್ನ ಒಳಗ ಬಿಡತಿದ್ದಿಲ್ಲ. ‘ತಡಿ, ಹೊರಗ ಕುಂದರು’ ಅಂತಿದ್ರು. ನಾ ಸೈಕಲ್ ಹಿಡಕೊಂಡು ಬಾಗಲದಾಗ ನಿಂತು ನೋಡತಿದ್ದೆ. ನೀ ಇರತಿದ್ದಿ ಒಳಗ. ಎರಡೂ ಮೊಣಕಾಲಿನ ನಡುವ ಡ್ರಮ್ ಹಿಡಕೊಂಡು. ನಿನಗ ನೆನಪಿರಬೇಕು.”

ನೆನಪಿತ್ತು. ಅವರು ಹೇಳುವವರೆಗೆ ಅದನ್ನು ನಾನು ನೆನಪು ಎಂದೇ ಎಣಿಸಿರಲಿಲ್ಲ. ಮನೆಗೆಲಸ ಎಂದುಕೊಂಡಿದ್ದೆ. ವರ್ಷಕ್ಕೆ ಒಂದೆರಡು ಸಲ ಅಪ್ಪ ಡ್ರಮ್ ಮಗುಚುತ್ತಿದ್ದ. ನಾನು ಹಿಡಿದು ಕೂಡಬೇಕು, ಅಲುಗಾಡಬಾರದು. ಅವನು ಸಣ್ಣ ಅರದಿಂದ ಎರಡು ಸಲ ಉಜ್ಜಿ, ಅಂಚಿನ ತಗ್ಗಿನ ಮೇಲೆ ಬಟ್ಟೆ ಅಳೆಯುವ ಕಟ್ಟಿಗೆಯ ಸ್ಕೇಲ್ ಅಡ್ಡ ಇಡುತ್ತಿದ್ದ. ಆಮೇಲೆ ಕಾಲರಿಗೆ ಹಾಕುವ ಗಟ್ಟಿ ಕ್ಯಾನ್ವಾಸನ್ನು ಸ್ಕೇಲಿನ ಕೆಳಗೆ ತೂರಿಸುತ್ತಿದ್ದ. ಕ್ಯಾನ್ವಾಸ್ ಕತ್ತರಿಸಿ ಮಡಚಿ ಕೊಡುವವಳು ನಾನು. ಎರಡು ಪದರ ಸಲೀಸಾಗಿ ಹೋಗಬೇಕು, ಮೂರು ಪದರ ತಡೆಯಬೇಕು. ತಗ್ಗಿನ ಅಗಲ ನಾಲ್ಕು ಬೆರಳು, ಅಪ್ಪನ ನಾಲ್ಕು. ನನ್ನವಾದರೆ ಐದು.

ಇದೆಲ್ಲ ನನ್ನ ತಲೆಯಲ್ಲಿ ಒಂದೇ ಕ್ಷಣದಲ್ಲಿ ಬಂತು. ನಾನು ಬಾಯಿ ತೆರೆದು ಹೇಳಿದ್ದು ಇಷ್ಟು:

“ಇಲ್ರಿ. ನೆನಪಿಲ್ಲ.”

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಪ್ಪನ ಕೈ ಅವರಿಗೆ ಹೋಗಿತ್ತು. ಇದೊಂದು ನನ್ನ ಬಳಿ ಉಳಿದಿತ್ತು. ನನ್ನ ಬಳಿ ಇದೆ ಎಂದು ತಿಳಿದ ಗಳಿಗೆಯಲ್ಲೇ ಅವರ ಅಂಗಡಿಯ ನೆಲಕ್ಕೆ ಸುರಿಯಲು ನನಗೆ ಆಗಲಿಲ್ಲ. ಅವರು ತಲೆಯಾಡಿಸಿ, “ನಿನ್ನ ವಯಸ್ಸರ ಎಷ್ಟಿತ್ತು” ಎಂದು ತಾವೇ ಸಮಾಧಾನ ಹೇಳಿದರು. ಡ್ರಮ್ ಅಲ್ಲೇ ಬಿಟ್ಟು ಬಂದೆ.

ನಾಲ್ಕು ದಿನ ತಡೆದೆ. ಡ್ರಮ್ ಅಲ್ಲಿ ಅವರ ಕೈಯಲ್ಲಿದೆ, ಅವರು ಅಂದಾಜಿನ ಮೇಲೆ ಅರ ಹಿಡಿದುಬಿಟ್ಟರೆ ಎಂಬ ಭಯ ಒಂದು ಕಡೆ. ಅಂದಾಜೇ ಸರಿಹೋಗಿಬಿಟ್ಟರೆ ಎಂಬ ಭಯ ಇನ್ನೊಂದು ಕಡೆ. ಎರಡನೆಯದೇ ಹೆಚ್ಚಾಗಿತ್ತು. ಐದನೆಯ ದಿನ ಬಟ್ಟೆ ಅಂಗಡಿಯಲ್ಲಿ ಕಾಲರ್ ಕ್ಯಾನ್ವಾಸ್ ತೆಗೆದುಕೊಂಡು ಬ್ಯಾಡಗಿ ಬಸ್ ಹತ್ತಿದೆ.

ಅವರು ಅರ ಮುಟ್ಟಿರಲಿಲ್ಲ. ಡ್ರಮ್ ಬಟ್ಟೆ ಹೊದ್ದು ಹಾಗೆಯೇ ಇತ್ತು.

“ನೆನಪಾತು” ಎಂದೆ.

“ಆಗ್ತೈತಿ” ಎಂದರು. ಅವರ ದನಿಯಲ್ಲಿ ಏನಿತ್ತೋ ನಾನು ಹುಡುಕಲಿಲ್ಲ.

ಅವರ ಅಂಗಡಿಯ ನೆಲದ ಮೇಲೆ ನಾನು ಸೀರೆ ಒಟ್ಟುಮಾಡಿ ಕೂತು ಡ್ರಮ್ಮನ್ನು ಮೊಣಕಾಲಿನ ನಡುವೆ ಹಿಡಿದೆ. ಮೊಣಕಾಲು ಈಗ ನೋಯುತ್ತದೆ. ಅವರು ಅರದಿಂದ ಎರಡೆರಡೇ ಸಲ ಎಳೆಯುವುದು, ನಾನು ಅಳತೆಯ ಪಟ್ಟಿ ಅಡ್ಡ ಇಟ್ಟು ಕ್ಯಾನ್ವಾಸ್ ತೂರಿಸುವುದು. ಒಂದು ಪದರ ಹೋಯಿತು. ಬಹಳ ಹೊತ್ತಿನ ಮೇಲೆ ಎರಡು ಹೋಯಿತು. ಮೂರು ಮಡಚಿ ಇಟ್ಟೆ, ತಡೆಯಿತು.

“ಸಾಕೇನು?” ಎಂದು ಅವರು ನನ್ನನ್ನು ಕೇಳಿದರು. ಡ್ರಮ್ಮಿನ ವಿಷಯದಲ್ಲಿ ನನ್ನನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು.

“ಸಾಕು” ಎಂದೆ.

ಅರ ಕೆಳಗಿಟ್ಟು ಅವರು ಹೇಳಿದರು. “ನಂಗ ಭಾಳ ಸಿಟ್ಟಿತ್ತು ನಿನ್ನ ಮ್ಯಾಲ. ಇಷ್ಟುದ್ದ ಹುಡುಗಿ, ಡ್ರಮ್ ತೊಡಿ ಮ್ಯಾಲ ಇಟಗೊಂಡು ಕುಂದರತೈತಿ. ನಂಗ ಆರು ತಿಂಗಳು ಚಿಂದಿ ದಿಂಬು.”

ನಾನು ನಗಲಿಲ್ಲ. ಅವರೂ ನಗಲಿಲ್ಲ. ಇಬ್ಬರಿಗೂ ಒಂದೇ ರೋಗವಿತ್ತು ಎಂದು ತಿಳಿದರೆ ಹಗುರಾಗಬೇಕಿತ್ತು. ನನಗೆ ಹಾಗಾಗಲಿಲ್ಲ. ನಾನು ಡ್ರಮ್ ಹಿಡಿದು ಕೂತದ್ದನ್ನು ಅವರು ನನಗಿಂತ ಚೆನ್ನಾಗಿ ನೆನಪಿಟ್ಟಿದ್ದಾರೆ ಎಂಬುದೂ ನನಗೆ ಚುಚ್ಚಿತು.

ಪ್ಲಾಸ್ಟಿಕ್ ತೆಗೆದು ಅವರು ಆಡಿನ ತೊಗಲು ಹಾಕಿದರು. ನೀರಲ್ಲಿ ನೆನೆಸಿ, ತೆಳು ಬಳೆಯ ಸುತ್ತ ಮಡಚಿ, ಚಮಚದ ಹಿಡಿಕೆಯಿಂದ ಅಂಚನ್ನು ಒಳಗೆ ತುರುಕಿದರು. ನೆರಳಲ್ಲಿ ಒಣಗಬೇಕು, ಮೂರು ದಿನ ಬಿಟ್ಟು ಬಾ ಎಂದರು. ಮೂರು ದಿನ ಬಿಟ್ಟು ಹೋದಾಗ ಡ್ರಮ್ ತಯಾರಾಗಿತ್ತು. ಅವರು ಕೊರಳಿಗೆ ಪಟ್ಟಿ ಹಾಕಿಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಇಟ್ಟು, ಕಡ್ಡಿ ಹಿಡಿದು, ಈ ಕೈಗೆ ಎರಡು, ಆ ಕೈಗೆ ಎರಡು ಎಂದು ನಿಧಾನಕ್ಕೆ ಶುರು ಮಾಡಿದರು.

ಅದನ್ನು ನಾನು ಹೇಗೆ ಬರೆಯಲಿ ತಿಳಿಯದು. ತಂತಿ ಮಲಗಿತ್ತು. ಪೆಟ್ಟುಗಳ ನಡುವಿನ ಸಂದಿ ಮುಚ್ಚಿತು. ತಕ್ಕಡಿಗಳ ತಟ್ಟೆಗಳು ಸಣ್ಣಗೆ ನಡುಗಿದವು. ನಮ್ಮ ರಾಣೆಬೆನ್ನೂರಿನ ಕೋಣೆ, ಮಷಿನ್ನಿನ ಎಣ್ಣೆಯ ವಾಸನೆ, ನೀಲಿ ದಾರ, ಎಲ್ಲ ಇದ್ದವು. ನಾನು ಅವರ ಮುಖ ನೋಡಲಿಲ್ಲ, ಕೈ ಮಾತ್ರ ನೋಡಿದೆ. ನನಗೆ ಬೇಕಾಗಿದ್ದ ಸದ್ದು ಬಂದಿತ್ತು. ಆ ಕೈಯಿಲ್ಲದೆ ಅದು ಬರುವುದಿಲ್ಲ ಎಂಬುದೂ ಅಲ್ಲೇ, ಅದೇ ಸದ್ದಿನಲ್ಲಿ, ಗೊತ್ತಾಯಿತು. ಡ್ರಮ್ಮನ್ನು ಅವರ ಬಳಿಯೇ ಬಿಡಬೇಕು. ಗೊತ್ತಿದ್ದೂ ಎತ್ತಿಕೊಂಡೆ.

ಅವರು ಬೋಲ್ಟು ತಿರುಗಿಸುವ ಚಾವಿ ಕೊಟ್ಟರು. ಮಳೆಗಾಲಕ್ಕೆ ತೊಗಲು ಸಡಿಲಾದರೆ ಹೇಗೆ ಬಿಗಿಯಬೇಕು ಎಂದು ತೋರಿಸಿದರು. ಬಾರಿಸದಿರುವಾಗ ತಂತಿಯನ್ನು ಇಳಿಸಿಡಲು ಪಕ್ಕದ ಸಣ್ಣ ಹಿಡಿಯನ್ನೂ ತೋರಿಸಿದರು. ಡ್ರಮ್ ಬೇಕೆಂದು ಕೇಳಲಿಲ್ಲ. ಒಮ್ಮೆ ಕೇಳಿದ್ದರಲ್ಲ.

ಆಷಾಢದಲ್ಲಿ ಮತ್ತೆ ಹೋದೆ. ತೊಗಲು ಸಡಿಲಾಗಿದೆ, ನನಗೆ ಬಿಗಿಯಲು ಬರಲಿಲ್ಲ ಎಂದೆ. ಬಿಗಿದರು; ನೋಡಲೆಂದು ಬಾರಿಸಿದರು; ನಾನು ಕೇಳಿ, ಎತ್ತಿಕೊಂಡು ಬಂದೆ. ಶ್ರಾವಣದಲ್ಲಿ ಇನ್ನೊಮ್ಮೆ. ಕಳೆದ ತಿಂಗಳು ಮಳೆ ನಿಂತಿತ್ತು, ತೊಗಲು ಗಟ್ಟಿಯಾಗಿಯೇ ಇತ್ತು. ಹೊರಡುವ ಮುನ್ನ ನಾನೇ ಚಾವಿ ಹಾಕಿ ಎರಡು ಬೋಲ್ಟುಗಳನ್ನು ಸಡಿಲಿಸಿಕೊಂಡು ಹೋದೆ.

ಅವರು ಅಂಚಿನ ಸುತ್ತ ಬೆರಳಿನಿಂದ ತಟ್ಟುತ್ತ ಹೋದರು. ಎರಡು ಕಡೆ ನಿಂತರು.

“ಮಳಿಗೆ ಸಡಲಾಗಿದ್ದಲ್ಲ ಇದು, ತಂಗೆವ್ವ. ಮಳಿ ಎಲ್ಲಾ ಕಡೆ ಒಂದ ನಮೂನಿ ಸಡಲ ಮಾಡತೈತಿ.”

ನಾನು ತೂಕದ ಕಲ್ಲುಗಳನ್ನು ನೋಡುತ್ತ ಕೂತೆ.

“ಚಾವಿ ಚೀಲದಾಗ ಐತೇನು?” ಎಂದರು. “ತಗಿ. ನೀನ ಬಿಗಿ. ನಾ ಹೇಳತೇನಿ.”

ಬಿಗಿದೆ. ಅವರು ಬೆರಳಿನಿಂದ ತಟ್ಟಿ “ಇನ್ನೊಂದೀಟು” ಎಂದರು, “ಸಾಕು” ಎಂದರು. ಆಮೇಲೆ ಕಡ್ಡಿ ಎತ್ತಿಕೊಂಡು, ಹಿಂದಿನ ಎಲ್ಲ ಸಲಕ್ಕಿಂತ ಹೆಚ್ಚು ಹೊತ್ತು ಬಾರಿಸಿದರು. ಮುಗಿಸಿ ಬೆವರು ಒರೆಸಿಕೊಂಡು ಕಡ್ಡಿಗಳನ್ನು ನನ್ನ ಕಡೆ ಚಾಚಿದರು. ನಾನು ಬೇಡವೆಂದು ತಲೆಯಾಡಿಸಿದೆ. ಹೊತ್ತಾಯಿತು, ಬಸ್ಸಿದೆ ಎಂದೆ.

ಬಸ್ಸಿನಲ್ಲಿ ಡ್ರಮ್ ತೊಡೆಯ ಮೇಲಿತ್ತು. ತಂತಿ ಇಳಿಸಲು ಮರೆತಿದ್ದೆ. ಬಸ್ಸು ಗೇರು ಬದಲಿಸಿದಾಗಲೆಲ್ಲ ಅದು ಗುಂಯ್ ಎನ್ನುತ್ತಿತ್ತು. ಹಿಡಿ ನನ್ನ ಬೆರಳಿನ ಕೆಳಗೇ ಇತ್ತು, ಒತ್ತಲಿಲ್ಲ. ಮೋಟೆಬೆನ್ನೂರಿನಲ್ಲಿ ಹತ್ತಿದ ಒಬ್ಬ ಮುದುಕಿ ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಕೇಳಿದಳು.

“ಒಳಗ ಏನರ ಜೀವ ಐತೇನವಾ?”

“ಇಲ್ಲ ಅಮ್ಮಾ. ಡ್ರಮ್ಮು. ನಮ್ಮಪ್ಪಂದು.”

“ಬಾರಸ್ತಾನೇನು?”

“ಅವ ಹೋಗಿ ಭಾಳ ದಿನ ಆತು.”

“ಮತ್ತ ಈಗ ಯಾರ ಬಾರಸ್ತಾರ?”

ಬಸ್ಸು ಹೆದ್ದಾರಿಗೆ ಏರಿ ಹಾವೇರಿಯ ಕಡೆ ತಿರುಗುತ್ತಿತ್ತು. ಕೈಯನ್ನು ಡ್ರಮ್ಮಿನ ಮೇಲಿಂದ ತೆಗೆದು, ಬಿಟ್ಟು ಬಂದ ದಾರಿಯ ಕಡೆ ತೋರಿಸಿದೆ.

“ಬ್ಯಾಡಗ್ಯಾಗ ನಮ್ಮಣ್ಣ ಅದಾನ” ಎಂದೆ.